ಶಿಳ್ಳೆ ಬೀಳದ ಗಿಟಾರು

ಅಭಿಮಾನಿ ಮಿತ್ರರೇ, ಈ ವಾರ ನಿಮಗೊಂದು ಸವಾಲು. ‘ಗೀತಾ’ (1981) ಚಿತ್ರದ ನಾಯಕ ಯಾರು? ಶಂಕರ್‌ನಾಗ್! ‘ಜೊತೆಯಲಿ’ ಹಾಡಿದವರು? ಎಸ್.ಪಿ. ಮತ್ತು ಜಾನಕಿ! ಸಂಗೀತ? ಇಳಯರಾಜ! ಶಹಬ್ಬಾಸ್. ಈಗ ಹೇಳಿ, ಇಳಯರಾಜರ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರ ಹೆಸರೇನು?... ಯಾಕೆ ಸ್ವಾಮಿ, ಬಸ್‌ಸ್ಟ್ಯಾಂಡ್ ಪೂರ್ತಿ ಗಪ್‌ಚುಪ್?

ನಾಚಿಕೆ ಬೇಡಿ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಾನು ಮಾಡಿದ ಅನ್ಯಾಯ ಬೇರೆ ಇದೆ, ಅದನ್ನೂ ಹೇಳ್ತೀನಿ.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಅದರ ದಪ್ಪ ತಂತಿ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ, ಮಾಮೂಲಿ ಗಿಟಾರಿನ ದಪ್ಪ ತಂತಿಯ ಅರ್ಧದಷ್ಟು. ಅಷ್ಟು ತಗ್ಗಿನ ನಾದ ಅಂಗೈಯಗಲದ ಸ್ಪೀಕರಿನಿಂದ ಸರಿಯಾಗಿ ಹೊರಡೋದೇ ಇಲ್ಲ. ನಾನು ಚಿಕ್ಕವನಿದ್ದಾಗ ಗೌರಿಬಿದನೂರಿಂದ ಚಿಕ್ಕಬಳ್ಳಾಪುರಕ್ಕೆ ಬರೋ ಪ್ರೈವೇಟ್ ಬಸ್ಸಲ್ಲಿ ಡ್ರೈವರ್ ತಲೆ ಮೇಲೆ ಅಂಥದ್ದೇ ಸ್ಪೀಕರು. ಮಂಚೇನಹಳ್ಳಿ ದಾಟೋಷ್ಟರಲ್ಲಿ ಎರಡು ತೆಲುಗು, ಎರಡು ಕನ್ನಡ ಹಾಡು ಮುಗೀತಿದ್ವು. ಅಷ್ಟರಲ್ಲೂ ಬೇಸ್ ಇರಬೇಕಾದ ಜಾಗದಲ್ಲಿ ಬಸ್ಸಿನ ಎಂಜಿನ್ ಇರ್ತಿತ್ತು!

ಹೀಗೆ ಕಿವಿ ಬೆಳೆಸಿಕೊಂಡವನು ಪಿಯುಸಿಗೆ ಅರ್ಧದಲ್ಲೇ ಕೈ ಮುಗಿದು ಒಂದು ಆರ್ಕೆಸ್ಟ್ರಾ ಸೇರಿದೆ. ವೈರು ಸುತ್ತೋದು, ಬಾಕ್ಸ್ ಇಳಿಸೋದು. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ... ಚಿಂತಾಮಣಿಯಲ್ಲಿ ಒಂದು ರಾತ್ರಿ ಕಾರ್ಯಕ್ರಮ ಮುಗಿದು ಲೆಕ್ಕ ಹಾಕಿದರೆ ದುಡ್ಡು ಸಾಲದು. ಯಾರನ್ನ ಕೈ ಬಿಡೋದು ಅಂತ ಯಜಮಾನರು ತಲೆ ಕೆರೆದುಕೊಳ್ತಿದ್ರು. ಕೇಳದಿದ್ದರೂ ನಾನೇ ಬಾಯಿ ಹಾಕಿದೆ: “ಬೇಸ್ ಅಣ್ಣನ್ನ ಬಿಡಿ ಸಾರ್. ಅವರದ್ದು ಯಾರಿಗೂ ಕೇಳ್ಸಲ್ಲ. ಕೀಬೋರ್ಡ್‌ನೋರು ಎಡಗೈಲಿ ಹೊಡೀತಾರೆ.”

ಅಣ್ಣ ನನ್ನ ಹಿಂದೆಯೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಗಿಟಾರಿಗೆ ಕವರ್ ಹಾಕಿ ಜಿಪ್ ಎಳೆದುಕೊಂಡು ಹೊರಟುಹೋದರು.

2020ರಲ್ಲಿ ಲಾಕ್‌ಡೌನ್. ಕೆಲಸವಿಲ್ಲ, ಬಸ್ಸಿಲ್ಲ. ಗೆಳೆಯನೊಬ್ಬನ ಒಳ್ಳೇ ಹೆಡ್‌ಫೋನ್ ಕಿವಿಗೆ ಹಾಕಿ ‘ಜೊತೆಯಲಿ’ ಕೇಳಿದೆ. ನೂರಾರು ಸಲ ಕೇಳಿದ ಹಾಡು ಸ್ವಾಮಿ! ಆದರೆ ಎಸ್.ಪಿ. ಸ್ವರ ಎಳೆದು ನಿಲ್ಲಿಸಿದ ಕಡೆ ಕೆಳಗಡೆ ಯಾರೋ ನಡೀತಾ ಇದ್ದಾರೆ. ತಾಳಕ್ಕೆ ಡುಂ ಡುಂ ಅಂದು ಸುಮ್ಮನಾಗೋದಲ್ಲ, ಇನ್ನೊಂದು ಹಾಡನ್ನೇ ಹಾಡ್ತಿದ್ದಾರೆ. ಮೈ ಜುಮ್ಮೆಂತು. ಅದೇ ಚಿತ್ರದ ‘ಸಂತೋಷಕ್ಕೆ’ ಹಾಕಿದೆ. ನಾವೆಲ್ಲ ಡ್ರಮ್ಮಿಗೆ ಕುಣಿದ್ವಿ ಅಂದುಕೊಂಡಿದ್ದೆವಲ್ಲ, ಅರ್ಧ ಕುಣಿಸಿದ್ದು ಈ ಬೇಸು! ಆಮೇಲೆ ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983). ‘ನಗುವ ನಯನ’ದ ಟ್ಯೂನನ್ನ ಮೊಬೈಲ್ ಕಂಪನಿ ಜಾಹೀರಾತಲ್ಲೂ ಕೇಳಿದ್ದೀರಿ. ಈ ಸಲ ಸಾಹಿತ್ಯ ಬಿಡಿ, ದನಿ ಬಿಡಿ, ತಳಕ್ಕೆ ಕಿವಿ ಇಡಿ. ಬೆಳಗಾಗೋವರೆಗೂ ನಾನು ಮಲಗಲಿಲ್ಲ.

ಸವಾಲಿಗೆ ಉತ್ತರ: ಶಶಿಧರನ್. ಆ ದಶಕದಲ್ಲಿ ಇಳಯರಾಜರ ಹಾಡುಗಳ ಬೇಸಿಗೆ ಮುಖ್ಯವಾಗಿ ಇವರದ್ದೇ ಬೆರಳು. ಪ್ರತಿ ವಾದ್ಯಕ್ಕೂ ಸ್ವರ ಬರೆದುಕೊಡೋದು ರಾಜಾ ಅವರೇ, ನುಡಿಸಿದವನದೇನು ಹೆಚ್ಚುಗಾರಿಕೆ ಅಂತ ಕೆಲವರು ವಾದಿಸ್ತಾರೆ. ಹಾಗಾದ್ರೆ ಡೈಲಾಗ್ ಬರೆದವನೇ ಸಾಕು, ಅಣ್ಣಾವ್ರು ಯಾಕೆ ಬೇಕಿತ್ತು? ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ (1982) ಆಲ್ಬಮ್ಮಲ್ಲಿ ‘ಬಿಲ್ಲಿ ಜೀನ್’ಗೆ ಬೇಸ್ ನುಡಿಸಿದ್ದು ಲೂಯಿ ಜಾನ್ಸನ್ ಅಂತ ಅಲ್ಲಿನ ಹುಡುಗರು ಥಟ್ಟಂತ ಹೇಳ್ತಾರೆ. ನಮ್ಮ ಟೈಟಲ್ ಕಾರ್ಡಲ್ಲಿ ಫೈಟರ್‌ಗಳ ಹೆಸರು ಬಂದಾಗಲೂ ಶಿಳ್ಳೆ ಬೀಳುತ್ತೆ. ವಾದ್ಯದವರ ಹೆಸರು ಬಂದರೆ ತಾನೇ ಶಿಳ್ಳೆ ಹಾಕೋಕೆ!

ಇರಲಿ. ನಮ್ಮ ಬೇಸ್ ಅಣ್ಣ ಈಗ ಶಿಡ್ಲಘಟ್ಟದ ಒಂದು ಫಿಲೇಚರಿನಲ್ಲಿದ್ದಾರೆ ಅಂತ ಗೊತ್ತಿತ್ತು. ಹೋಗೋಕೆ ಧೈರ್ಯ ಬರಲು ವರ್ಷಗಳೇ ಹಿಡಿದ್ವು. ಹೋದ ತಿಂಗಳು ಹೋದೆ. ಗೂಡು ಬೇಯೋ ವಾಸನೆ, ಕೈ ತುಂಬಾ ನೂಲು. ನನ್ನ ಗುರುತು ಹಿಡಿದರು, ಆದರೆ ನಗಲಿಲ್ಲ. ಕ್ಷಮೆ ಗಿಮೆ ಅಂತ ಏನೇನೋ ಯೋಚಿಸಿಕೊಂಡು ಹೋಗಿದ್ದೆ, ಬಾಯಿಗೇ ಬರಲಿಲ್ಲ. ಹೆಡ್‌ಫೋನ್ ಕೊಟ್ಟು ‘ಜೊತೆಯಲಿ’ ಹಾಕಿದೆ. ಕೈ ಒರೆಸಿಕೊಂಡು ಹಾಕಿಕೊಂಡರು. ಕಣ್ಣು ಮುಚ್ಚಿದರು. ಬಲಗೈನ ಎರಡು ಬೆರಳು ಮಾತ್ರ ತೊಡೆ ಮೇಲೆ ನಡೀತಿದ್ವು. ಹಾಡು ಮುಗೀತು.

“ಎರಡನೇ ಚರಣದಲ್ಲಿ ಒಂದು ಕಡೆ ನಾನು ಯಾವಾಗ್ಲೂ ತಪ್ಪು ನುಡಿಸ್ತಿದ್ದೆ ಕಣೋ. ಅದೂ ನಿಂಗೆ ಕೇಳ್ಸಿರ್ಲಿಲ್ಲ, ಅಲ್ವಾ?”

ನಾನು ತಲೆ ತಗ್ಗಿಸಿದೆ. ಟೀ ತರಿಸಿದರು. ಗಿಟಾರು ಅಟ್ಟದ ಮೇಲಿದೆಯಂತೆ, ಎರಡು ತಂತಿ ಹೋಗಿವೆಯಂತೆ. ಬೆಂಗಳೂರಿಂದ ಒಂದು ಸೆಟ್ ತಂದುಕೊಡ್ತೀನಿ ಅಣ್ಣ ಅಂದೆ. ಜೇಬಿಂದ ನೋಟು ತೆಗೆದು ನನ್ನ ಕೈಗೆ ತುರುಕಿದರು. ನನ್ನ ದುಡ್ಡಿನ ತಂತಿ ಅವರಿಗೆ ಬೇಡವಂತೆ.