ಘನಫಲ ಹೇಳುವ ಯಂತ್ರ, ಅಂದಾಜು ಮರೆತ ನಾವು



ಹತ್ತನೆಯ ತರಗತಿಯ ಕ್ಷೇತ್ರಗಣಿತದ ಪಾಠ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಿಲಿಂಡರ್, ಶಂಕು, ಗೋಳ ಇವುಗಳ ಘನಫಲದ ಸೂತ್ರಗಳನ್ನು ನಾನು ಕರಿಹಲಗೆಯ ಮೇಲೆ ಸಾಲಾಗಿ ಬರೆಯುತ್ತಿದ್ದೆ. ನೀವು ಕಂಠಪಾಠ ಮಾಡುತ್ತಿದ್ದಿರಿ. ಈಗ ಕ್ಯಾಡ್ ತಂತ್ರಾಂಶಗಳು ಆ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತವೆ. ಆಟೋಕ್ಯಾಡ್‌ನಲ್ಲಿ ಘನಾಕೃತಿಯನ್ನು ಆರಿಸಿ ‘ಮಾಸ್‌ಪ್ರಾಪ್’ ಎಂಬ ಆದೇಶ ಕೊಟ್ಟರೆ ಘನಫಲ ಪರದೆಯ ಮೇಲೆ ಮೂಡುತ್ತದೆ. ಹಾಗಾದರೆ ಆ ಪಾಠ ಇನ್ನೇಕೆ ಎಂದು ನೆಂಟರ ಹುಡುಗನೊಬ್ಬ ಕೇಳಿದ. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಸರಿಯಾದ ಉತ್ತರ ಸಿಕ್ಕಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ.

ಅದನ್ನು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ನಾನು ಹೋದ ದಿನ ಅಲ್ಲಿ ಬೀಡು ಕಬ್ಬಿಣದ ಒಂದು ಬಳೆಯಾಕಾರದ ಬಿಡಿಭಾಗಕ್ಕೆ ದರಪಟ್ಟಿ ಸಿದ್ಧವಾಗುತ್ತಿತ್ತು. ಹೊರವ್ಯಾಸ 20 ಸೆಂಟಿಮೀಟರ್, ಒಳವ್ಯಾಸ 10, ಎತ್ತರ 10. ಎರಕದ ವಸ್ತುವಿಗೆ ದರ ಕಟ್ಟುವುದು ತೂಕದ ಮೇಲೆ. ಹೊಸದಾಗಿ ಸೇರಿದ್ದ ತರುಣ ಎಂಜಿನಿಯರ್ ಕಂಪ್ಯೂಟರಿನಲ್ಲಿ ಆಕೃತಿ ರಚಿಸಿ ಘನಫಲ ತೆಗೆದಿದ್ದ: 23,56,194 ಘನ ಮಿಲಿಮೀಟರ್. ಅಲ್ಲಿಯವರೆಗೆ ಒಂದಿನಿತೂ ತಪ್ಪಿಲ್ಲ. ಅನಂತರ ಅದನ್ನು ಘನ ಸೆಂಟಿಮೀಟರಿಗೆ ತಿರುಗಿಸಲು ನೂರರಿಂದ ಭಾಗಿಸಿದ, ಸಾಂದ್ರತೆ 7.2ರಿಂದ ಗುಣಿಸಿ ತೂಕ ಸುಮಾರು 170 ಕಿಲೋ ಎಂದು ಬರೆದ.

ಪಕ್ಕದಲ್ಲಿ ನಿಂತಿದ್ದ ಅಚ್ಚು ಕಟ್ಟುವ ಹಿರಿಯ ಕೆಲಸಗಾರ ಆ ಅಂಕಿಯನ್ನು ನೋಡಿ ನಕ್ಕುಬಿಟ್ಟ. “ಇಷ್ಟ ದೊಡ್ಡದನ್ನ ನಾ ಒಬ್ಬನ ಎತ್ತಿ ಇಡತೀನ್ರೀ. ನೂರಾ ಎಪ್ಪತ್ತು ಕಿಲೋ ಎಲ್ಲಿಂದ ಬಂತ್ರೀ?” ಎಂದ. ಆತ ಓದಿದ್ದು ಏಳನೆಯ ತರಗತಿಯವರೆಗೆ. ಆ ಬಳೆಯ ನಿಜವಾದ ತೂಕ 17 ಕಿಲೋ. ಚದರಕ್ಕೆ ನೂರು, ಘನಕ್ಕೆ ಸಾವಿರ ಎಂಬುದನ್ನು ಆ ಹುಡುಗ ಮರೆತಿದ್ದ. ಹತ್ತು ಪಟ್ಟು ಹೆಚ್ಚು ಬರೆದದ್ದರಿಂದ ಕಣ್ಣಿಗೆ ಬಿತ್ತು. ಹತ್ತರಲ್ಲೊಂದು ಭಾಗ ಬರೆದು ಒಪ್ಪಂದವಾಗಿಬಿಟ್ಟಿದ್ದರೆ ಆ ಸಣ್ಣ ಕಾರ್ಖಾನೆಯ ಗತಿ ಏನಾಗುತ್ತಿತ್ತು?

ಹುಡುಗ ತಲೆ ತಗ್ಗಿಸಿದ. ನಿಜ ಹೇಳಬೇಕೆಂದರೆ, ನಾನೂ ತಗ್ಗಿಸಿದೆ. ಆತನಿಗೆ ಪಾಠ ಹೇಳಿದವನು ನಾನಲ್ಲ. ಆದರೆ ನಾನು ಪಾಠ ಹೇಳಿದ್ದೂ ಬೇರೆ ರೀತಿಯಲ್ಲೇನೂ ಅಲ್ಲ. ಒಂದು ಘನ ಸೆಂಟಿಮೀಟರಿಗೆ ಸಾವಿರ ಘನ ಮಿಲಿಮೀಟರ್ ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಮಣ್ಣಿನಿಂದ ಅಂಥ ಒಂದು ಘನವನ್ನು ಮಾಡಿಸಿ ನಿಮ್ಮ ಅಂಗೈಯಲ್ಲಿ ಇಟ್ಟವನಲ್ಲ. ಉತ್ತರ ಬಂದ ಮೇಲೆ ‘ಇದು ಸಾಧ್ಯವೇ?’ ಎಂದು ಕೇಳಿದವನೂ ಅಲ್ಲ.

ಯಂತ್ರದ ಮೇಲೆ ನನಗೆ ಕೋಪವಿಲ್ಲ. ಪಂಪಿನೊಳಗಿನ ಬಾಗಿದ ರೆಕ್ಕೆಯ ಘನಫಲವನ್ನು ಸೂತ್ರದಿಂದ ತೆಗೆಯುವುದು ನಮ್ಮಂಥವರಿಂದಾಗದ ಕೆಲಸ. ಅಂಥ ಆಕೃತಿಯ ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳ ಜಾಲವಾಗಿ ಒಡೆದಾಗ ಯಂತ್ರ ಮಾಡುವ ಉಪಾಯ ಬಹಳ ಸೊಗಸಾದದ್ದು. ಒಂದು ಬಿಂದುವನ್ನು ಹಿಡಿದು, ಪ್ರತಿ ತ್ರಿಕೋನದೊಡನೆ ಅದನ್ನು ಸೇರಿಸಿ ಒಂದೊಂದು ಪಿರಮಿಡ್ ಕಟ್ಟುತ್ತದೆ. ತ್ರಿಕೋನದ ಹೊರಮುಖ ಆ ಬಿಂದುವಿಗೆ ಬೆನ್ನು ಮಾಡಿದ್ದರೆ ಕೂಡು, ಬಿಂದುವನ್ನೇ ನೋಡುತ್ತಿದ್ದರೆ ಕಳೆ. ಪ್ರತಿ ಪಿರಮಿಡ್ಡಿಗೂ ಬಳಸುವುದು ಪಾದದ ವಿಸ್ತೀರ್ಣ ಮತ್ತು ಎತ್ತರಗಳ ಗುಣಲಬ್ಧದ ಮೂರನೆಯ ಒಂದು ಭಾಗ, ಅಂದರೆ ನೀವು ಕಂಠಪಾಠ ಮಾಡಿದ ಅದೇ ಸೂತ್ರ! ಆದರೆ ಜಾಲದಲ್ಲಿ ಕೆಲವು ತ್ರಿಕೋನಗಳು ಬಿಟ್ಟುಹೋಗಿದ್ದರೆ, ಇಲ್ಲವೇ ತಿರುಗುಮುರುಗಾಗಿದ್ದರೆ, ಉತ್ತರ ಕೆಡುತ್ತದೆ. ಅಂಕಿ ಮಾತ್ರ ಅದೇ ಗಾಂಭೀರ್ಯದಿಂದ ಪರದೆಯ ಮೇಲೆ ಬಂದು ನಿಲ್ಲುತ್ತದೆ. ನಾವು ಹೇಳಿದ್ದನ್ನು ಯಂತ್ರ ಲೆಕ್ಕ ಮಾಡುತ್ತದೆ. ನಮ್ಮ ಮನಸ್ಸಿನಲ್ಲಿ ಏನಿತ್ತೆಂಬುದು ಅದಕ್ಕೆ ತಿಳಿಯದು.

ಅದನ್ನು ಹಿಡಿಯಲು ಬೇಕಾದದ್ದು ಅಂದಾಜು. ಅಂದಾಜೆಂದರೆ ಅರೆಬರೆ ಜ್ಞಾನವೆಂದು ತಿಳಿಯಬೇಡಿ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಧಾನ್ಯರಾಶಿಯನ್ನು ಅಳೆಯುವ ಕ್ರಮವಿದೆ. ನೆಲದ ಮೇಲಿನ ರಾಶಿಯ ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಘನಫಲ. ಭತ್ತದಂಥ ಧಾನ್ಯವಾದರೆ ಎತ್ತರ ಸುತ್ತಳತೆಯ ಒಂಬತ್ತನೆಯ ಒಂದು ಭಾಗ. ಶಂಕುವಿನ ಸೂತ್ರದಲ್ಲಿ ಪೈ ಬದಲು 3 ಹಾಕಿ ನೋಡಿ. ಇದೇ ನಿಯಮ ಬರುತ್ತದೆ. ಅದೇ ಗ್ರಂಥದಲ್ಲಿ ಅವರು ಪೈಗೆ 3927/1250 ಎಂಬ ಸೂಕ್ಷ್ಮ ಬೆಲೆಯನ್ನೂ ಕೊಟ್ಟಿದ್ದಾರೆ. ಸೂಕ್ಷ್ಮ ಬಲ್ಲವರೇ ಕಣದಲ್ಲಿ ಸ್ಥೂಲ ಸಾಕೆಂದರು. ಎಲ್ಲಿ ಯಾವುದು ಸಾಕೆಂದು ಬಲ್ಲುದೇ ವಿವೇಕ.

ಈಗ ನಮ್ಮ ಬಳೆಗೆ ಬನ್ನಿ. ತ್ರಿಜ್ಯಗಳು 10 ಮತ್ತು 5. ವರ್ಗಗಳ ವ್ಯತ್ಯಾಸ 75. ಎತ್ತರ 10 ಸೇರಿದರೆ 750. ಪೈ ಬದಲು 3 ಹಿಡಿದರೆ 2250 ಘನ ಸೆಂಟಿಮೀಟರ್. ಸಾಂದ್ರತೆಯನ್ನು 7 ಎಂದುಕೊಂಡರೆ ಹದಿನಾರು ಕಿಲೋಕ್ಕೆ ಸ್ವಲ್ಪ ಕಡಮೆ. ಕಾಗದ ಬೇಡ, ಪೆನ್ಸಿಲ್ ಬೇಡ, ಅರ್ಧ ನಿಮಿಷ ಸಾಕು. ಇಷ್ಟನ್ನು ಮೊದಲು ಮನಸ್ಸಿನಲ್ಲಿ ಮಾಡಿಕೊಂಡಿದ್ದರೆ 170 ಎಂಬ ಅಂಕಿ ಆ ಹುಡುಗನ ಕೈಯಿಂದ ಕಾಗದಕ್ಕೆ ಇಳಿಯುತ್ತಿರಲಿಲ್ಲ.

ಆದ್ದರಿಂದ ಇಂದು ಪಾಠ ಹೇಳುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಕ್ಯಾಡ್ ಕಲಿಸಿ, ಧಾರಾಳವಾಗಿ ಕಲಿಸಿ. ಆದರೆ ಗುಂಡಿ ಒತ್ತುವ ಮುನ್ನ ಮಕ್ಕಳು ತಮ್ಮ ಅಂದಾಜನ್ನು ಪುಸ್ತಕದ ಅಂಚಿನಲ್ಲಿ ಬರೆಯಲಿ. ಉತ್ತರಕ್ಕೂ ಅಂದಾಜಿಗೂ ಹೊಂದಿಕೆಯಾಗದಿದ್ದರೆ ಕಾರಣ ಹುಡುಕಲಿ. ಅಂಕ ಕೊಡುವುದಾದರೆ ಆ ಹುಡುಕಾಟಕ್ಕೆ ಕೊಡಿ.

ಕಾರ್ಖಾನೆಯಿಂದ ಹೊರಡುವಾಗ ಆ ತರುಣ ನನ್ನ ಬಳಿ ಬಂದು, “ಸರ್, ಘನಕ್ಕೆ ಸಾವಿರ” ಎಂದ. ಅವನು ಇನ್ನು ಮರೆಯಲಾರ. ನಾನು ಮೂವತ್ತು ವರ್ಷ ಸೂತ್ರ ಬರೆಸಿ ಮಾಡಲಾಗದ್ದನ್ನು ಆ ಹಿರಿಯ ಕೆಲಸಗಾರ ಒಂದು ನಗೆಯಲ್ಲಿ ಮಾಡಿ ಮುಗಿಸಿದ್ದ.