ಎದೆಯೊಳಗಿನ ವಿಗ್ರಹ
ಮುಂಬಯಿಯ ಬೊರಿವಲಿ ಪಶ್ಚಿಮದ ಮಂಡಪೇಶ್ವರ ಗುಹೆಯಲ್ಲಿ ಭಗ್ನಗೊಂಡ ನಟರಾಜನಿದ್ದಾನೆ, ಗೋಡೆಯೊಂದರಲ್ಲಿ ಕೆತ್ತಿದ ದೊಡ್ಡ ಶಿಲುಬೆಯೂ ಇದೆ. 16ನೇ ಶತಮಾನದಲ್ಲಿ ಪೋರ್ಚುಗೀಸ್ ಫ್ರಾನ್ಸಿಸ್ಕನ್ ಪಾದ್ರಿಗಳು ಈ ಶೈವ ಗುಹೆಯನ್ನೇ ಇಗರ್ಜಿ ಮಾಡಿಕೊಂಡಿದ್ದರು. ಕ್ರೈಸ್ತಳಾದ ನನಗೆ ಆ ಶಿಲುಬೆ ನೋಡಿದಾಗಲೆಲ್ಲ ಸಂಕಟ: ಪರರ ದೇವರನ್ನು ಮರೆಮಾಡುವುದು ಸುಲಭವಾಗಿತ್ತು, ನಮ್ಮೆದೆಯಲ್ಲಿ ಕೂತದ್ದನ್ನು ಕೆಳಗಿಳಿಸುವುದು ಕಷ್ಟ. ಸಂಕಷ್ಟದಲ್ಲಿ ಮನಸ್ಸು ಯಾವುದಕ್ಕೆ ಆತುಕೊಳ್ಳುತ್ತದೋ ಅದೇ ನಮ್ಮ ದೇವರು ಎಂಬ ಅರ್ಥದಲ್ಲಿ ಮಾರ್ಟಿನ್ ಲೂಥರ್ 1529ರ ತಮ್ಮ ದೊಡ್ಡ ಪ್ರಶ್ನೋತ್ತರಿಯಲ್ಲಿ ಬರೆದಿದ್ದಾರೆ. ನನ್ನದು ಯಾವುದು? ಬೆಳಿಗ್ಗೆ ಚರ್ಚ್‌ಗೇಟ್ ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಗೆ ಜೋತುಬಿದ್ದರೆ ಇನ್ನೊಂದು ಕೈಯ ಹೆಬ್ಬೆರಳು ಬ್ಯಾಂಕಿನ ಆ್ಯಪ್ ತೆರೆದು ಉಳಿದ ಹಣ ನೋಡುತ್ತದೆ. ಪ್ರಾರ್ಥನೆ ನೆನಪಾಗುವುದು ಅಂಧೇರಿ ದಾಟಿದ ಮೇಲೆ. ಭಾನುವಾರ ಆರಾಧನೆ ಮುಗಿಸಿ ಮೆಟ್ಟಿಲಿಳಿಯುವಷ್ಟರಲ್ಲಿ ನಮ್ಮೆಲ್ಲರ ಮಾತು ಹಳೆಯ ಕಟ್ಟಡಗಳ ರೀಡೆವಲಪ್‌ಮೆಂಟಿಗೆ, ಎಷ್ಟು ಚದರಡಿ ಹೆಚ್ಚು ಸಿಗುತ್ತದೆ ಎನ್ನುವುದಕ್ಕೆ ಹೊರಳುತ್ತದೆ. ಮನೆ ಬೇಕು, ಸಂಬಳ ಬೇಕು; ಅವು ಪಾಪವಲ್ಲ. ಆದರೆ ಕಳೆದ ವರ್ಷ ಯಜಮಾನರ ಕೆಲಸ ಹೋದ ರಾತ್ರಿ, ದೇವರೇ ಹೋದಂತೆ ನಾನು ನಡುಗಿಬಿಟ್ಟೆ. ಸಾಲದ ಕಂತಿನ ಚೀಟಿಯನ್ನು ಬೈಬಲ್ಲಿನೊಳಗಿಟ್ಟು ಮಂಡಿಯೂರಿದ್ದು ಅಂದೇ, ಬಹಳ ದಿನಗಳ ನಂತರ.