ಸಂಜಿ ಐದಕ್ಕ ಕಿಡಕಿ ಹಾಕೂ ಮಂದಿಗೆ

ಹೋದ ತಿಂಗಳು ನಮ್ಮ ಓಣ್ಯಾಗ ಒಂದು ಹೊಸಾ ಮನಿ ವಾಸ್ತುಶಾಂತಿಗೆ ಹೋಗಿದ್ದೆ. ಸಾಗವಾನಿ ಬಾಗಲಾ, ಅದರ ಮ್ಯಾಲೆ ಅಷ್ಟಲಕ್ಷ್ಮಿ ಕೆತ್ತಿಸ್ಯಾರ. ಹಾಲಿನ್ಯಾಗ ಪಿಒಪಿ, ಬಣ್ಣಬಣ್ಣದ ಲೈಟು. ಎಲ್ಲಾ ನೋಡಿ ಛಲೋ ಆಗೇದ ಅಂದೆ. ಆಮ್ಯಾಲೆ ಕಿಡಕಿ ಹತ್ರ ನಿಂತು "ಸೊಳ್ಳಿ ಜಾಳಿಗಿ ಎಲ್ಲೆವಾ?" ಅಂತ ಕೇಳಿದೆ. "ಅದನ್ನ ಆಮ್ಯಾಲೆ ಹಾಕಸ್ತೇವ್ರಿ ಅಕ್ಕಾರ. ಸದ್ಯಾ ಸಂಜಿ ಐದಕ್ಕ ಕಿಡಕಿ ಹಾಕಿಬಿಡ್ತೇವಿ" ಅಂದ್ಲು ಮನಿಯಾಕಿ.

ಈ 'ಆಮ್ಯಾಲೆ' ಅನ್ನೂ ಮಾತಿನ ಮ್ಯಾಲೆ ನನಗ ಭಾಳ ಸಿಟ್ಟದ. ನಮ್ಮನ್ಯಾಗನೂ ಅದು ಹದಿನಾಲ್ಕು ವರ್ಷ ಇತ್ತು. ಕಟ್ಟಿಸೋವಾಗ ಗುತ್ತಿಗೆದಾರ "ಜಾಳಿಗಿ ಎಸ್ಟಿಮೇಟಿನ್ಯಾಗ ಇಲ್ರಿ" ಅಂದಾ. ನಮ್ಮನಿಯವರು "ಜಾಳಿಗಿ ಹಾಕಿದ್ರ ಗಾಳಿ ಬರೂದಿಲ್ಲ" ಅಂದ್ರು. ಹೌದ್ರಿ, ಗಾಳಿ ಸ್ವಲ್ಪ ಕಡಿಮಿ ಆಗತದ, ನಾನೂ ಒಪ್ಪತೇನಿ. ಆದ್ರ ಐದಕ್ಕ ಹಾಕಿದ ಕಿಡಕಿಯಿಂದ ಎಷ್ಟು ಗಾಳಿ ಬರತದ? ಆ ಮುಚ್ಚಿದ ಖೋಲ್ಯಾಗ ಕಾಯಿಲ್ ಹಚ್ಚಿ, ಅದರ ಹೊಗಿ ಕುಡದು ರಾತ್ರಿಯೆಲ್ಲಾ ಕೆಮ್ಮಿದವರು ನಮ್ಮ ಅತ್ತಿಯವರು. ಬ್ಯಾಸಗ್ಯಾಗ ಬಂದ್ ಮಾಡಿದ ಅಡಿಗಿಮನ್ಯಾಗ ಭಕ್ರಿ ಬಡಿದಾಕಿ ನಾನು. ಗಾಳಿ ಬರೂದಿಲ್ಲ ಅಂದವರು ಹೊರಗ ಕಟ್ಟಿ ಮ್ಯಾಲೆ ಕೂತಿರ್ತಿದ್ರು.

ಐದಕ್ಕ ಕಿಡಕಿ ಹಾಕೂದು ಅರ್ಧಾ ಉಪಾಯ. ಗಟಾರದಾಗ ಹುಟ್ಟೂ ಸೊಳ್ಳಿಗೆ ಅದು ನಡೀತದ, ಅವು ಕತ್ತಲಾದ ಮ್ಯಾಲೆ ಬರತಾವ. ಡೆಂಗಿ ತರೂ ಏಡಿಸ್ ಸೊಳ್ಳಿ ಹಂಗಲ್ಲ. ಕಾಲಮ್ಯಾಲೆ ಬಿಳೇ ಪಟ್ಟಿ ಇರೂ ಸೊಳ್ಳಿ ಅದು. ಹಗಲೊತ್ತಿನ್ಯಾಗ ಕಚ್ಚತದ, ಮುಂಜಾನೆ ಮತ್ತ ಸಂಜಿಮುಂದ ಜಾಸ್ತಿ. ಹುಟ್ಟೂದು ಸ್ವಚ್ಛ ನೀರಾಗ. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಭಾಳ ಓಣಿಗೋಳಿಗೆ ನೀರು ದಿನಾ ಬರೂದಿಲ್ಲ. ಬಂದ ದಿವಸ ಡ್ರಮ್ಮು, ಹಂಡೆ, ಬಕೀಟು ತುಂಬಿ ಇಡತೇವಿ. ತತ್ತಿಯಿಂದ ಸೊಳ್ಳಿ ಆಗಲಿಕ್ಕೆ 8-10 ದಿವಸ ಸಾಕು. ನನ್ನ ಮಗಳು ಪಿಯುಸಿ ಪರೀಕ್ಷಾಕ್ಕ ಓದಲಿಕ್ಕೆ ಮುಂಜಾನೆ ಕಿಡಕಿ ತಗದು ಕೂಡ್ತಿದ್ಲು. ಡೆಂಗಿ ಆಗಿ ಆರು ದಿವಸ ದವಾಖಾನಿ. ದಿನಾ ಪ್ಲೇಟ್‌ಲೆಟ್ ಎಷ್ಟಾತು ಅಂತ ಲ್ಯಾಬಿನ ಕಾಗದಕ್ಕ ಕಾಯ್ಕೋತ ಕೂತಾಗ, ಸಂಜಿ ಐದಕ್ಕ ನಾ ತಪ್ಪದ ಕಿಡಕಿ ಹಾಕಿದ್ದು ನೆನಪಾಗಿ ನನ್ನ ಮ್ಯಾಲೆ ನನಗ ಸಿಟ್ಟು ಬಂತು. ಅಲ್ಲೇ ಬಾಕಿನ ಮ್ಯಾಲೆ ಕೂತು ಠರಾವ್ ಮಾಡಿದೆ, ಇನ್ನ ಯಾರನ್ನೂ ಕೇಳೂದಿಲ್ಲ ಅಂತ.

2024ರ ಸೆಪ್ಟೆಂಬರದಾಗ ಸರಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಣಾ ಮಾಡಿ, ಮನ್ಯಾಗ ಸೊಳ್ಳಿ ಹುಟ್ಟಲಿಕ್ಕೆ ಬಿಟ್ರ ಪಟ್ಟಣದವರಿಗೆ 400 ರೂಪಾಯಿ ದಂಡ ಅಂತು. ಛಲೋನ ಆತು. ಆದ್ರ ಬಾಜೂ ಖಾಲಿ ಪ್ಲಾಟಿನ ಸೊಳ್ಳಿಗೆ ನಾ ಎಲ್ಲಿ ದಂಡ ಹಾಕಲಿ? ನನ್ನ ಕೈಯಾಗ ಇರೂದು ನನ್ನ ಕಿಡಕಿ ಅಷ್ಟ.

ಮದಲ ಅಂಟಸೂ ವೆಲ್ಕ್ರೋ ಪಟ್ಟಿ ಜಾಳಿಗಿ ತಂದೆ. ಅದನ್ನ ಯಾರೂ ತರಬ್ಯಾಡ್ರಿ. ಬಿಸಲಿಗೆ ಅಂಟು ಬಿಡತದ, ಮೂಲ್ಯಾಗ ಬಳ್ಳು ತೂರೂವಷ್ಟು ಸಂದಿ ಆಗತದ. ಸೊಳ್ಳಿ ಒಳಗ ಬರತಾವ, ಹೊರಗ ಹೋಗೂ ದಾರಿ ಸಿಗೂದಿಲ್ಲ. ಆಮ್ಯಾಲೆ ಒಬ್ಬ ಬಡಿಗ್ಯಾನ್ನ ಕರದೆ. ಅವಾ ಜಾಳಿಗಿನ್ನ ಚೌಕಟ್ಟಿಗೆ ಪಟ್ಟಿ ಇಟ್ಟು ಮೊಳಿ ಬಡದು ಹೋದಾ. ನಮ್ಮ ಕಿಡಕಿ ಕದಾ ಹೊರಗ ತೆಗೀತಾವ, ಚಿಲಕಾ ಜಾಳಿಗಿ ಆಚೆ ಉಳೀತು! ಅಡ್ಡಮಳಿ ಬಂದ್ರ ಕದಾ ಹ್ಯಾಂಗ ಹಾಕೂದು? ಒಂದು ವರ್ಷದಾಗ ಧೂಳ ತುಂಬಿ ಜಾಳಿಗಿ ಗೋಣಿಚೀಲಾ ಆತು. ಮೊಳಿ ಕೀಳದ ತೊಳೀಲಿಕ್ಕೆ ಬರೂದಿಲ್ಲ. ಜಾಳಿಗಿ ಹಾಕಿದ್ರ ಗಾಳಿ ಬರೂದಿಲ್ಲ ಅನ್ನೂ ಮಂದಿ ನೋಡಿದ್ದು ಇಂಥಾ ಜಾಳಿಗಿನ.

ಅದಕ್ಕ ನನ್ನ ಹಟ ಏನಂದ್ರ, ಜಾಳಿಗಿಗೆ ತನ್ನದ ಸ್ವಂತ ಚೌಕಟ್ಟು ಬೇಕು. ಅದು ತೆಗೀಲಿಕ್ಕೆ ಬರಬೇಕು. ಇದನ್ನ ಮಾಡೂದು ಹೋಳಗಿ ಮಾಡೂದಕ್ಕಿಂತ ಕಷ್ಟ ಏನಲ್ಲ.

ನಮ್ಮ ಕಿಡಕಿಗೆ ಗ್ರಿಲ್ಲಿನ ಒಳಬದಿ ಒಂದು ಇಂಚು ಜಾಗಾ ಇತ್ತು. ಮುಕ್ಕಾಲು ಇಂಚು ದಪ್ಪಿನ ಕಟಿಗಿ ರೀಪು ತಂದು, ಅದರಾಗ ಕೂಡೂ ಹಂಗ ಮಾಡಿದೆ. ಅಳತಿ ಒಂದ ಕಡೆ ತಗೋಬ್ಯಾಡ್ರಿ. ಮ್ಯಾಲೆ, ನಡು, ಕೆಳಗ ಮೂರು ಕಡೆ ತಗೋರಿ, ಯಾವ ಕಿಡಕೀನೂ ನೆಟ್ಟಗ ಇರೂದಿಲ್ಲ. ಎಲ್ಲಾಕಿಂತ ಸಣ್ಣ ಅಳತಿ ಹಿಡದು ಅದರಾಗ 4-5 ಮಿಲಿಮೀಟರ್ ಕಳೀರಿ. ಮಳಿಗಾಲದಾಗ ಕಟಿಗಿ ಉಬ್ಬತದ. ಉಳದ ಸಂದಿಗೆ ಸ್ಪಂಜಿನ ಪಟ್ಟಿ ಹಚ್ಚಿದ್ರಾತು. ಮೂಲಿ ಅರ್ಧಕ್ಕರ್ಧ ಕೊರದು ಒಂದರ ಮ್ಯಾಲೊಂದು ಕೂಡಿಸಿ ಫೆವಿಕಾಲ್, ಎರಡು ಸ್ಕ್ರೂ. ಅಂಟು ಒಣಗೂ ಮದಲ ಮೂಲಿಯಿಂದ ಮೂಲಿಗೆ ಟೇಪು ಹಿಡೀರಿ. ಎರಡೂ ಅಳತಿ ಒಂದ ಬಂದ್ರ ಚೌಕ ಸರಿ ಅದ. ನಾ ಮದಲನೇದಕ್ಕ ಇದನ್ನ ನೋಡಲಿಲ್ಲ, ಅದು ಈಗ ಕೋಳಿಗೂಡಿನ ಬಾಗಲಾ ಆಗಿ ಹಿತ್ತಲದಾಗ ಬಿದ್ದದ. ಮೂರು ಫೂಟಿಗಿಂತ ಎತ್ತರ ಇದ್ರ ನಡಕ ಒಂದು ಅಡ್ಡಪಟ್ಟಿ ಕೊಡ್ರಿ. ಇಲ್ಲಂದ್ರ ಜಾಳಿಗಿ ಜಗ್ಗಿದ ಕೂಡಲೆ ಚೌಕಟ್ಟು ಸೊಂಟಾ ಹಿಡದವರಂಗ ಒಳಗ ಬಾಗತದ.

ಜಾಳಿಗಿ ಇಂಚಿಗೆ 18-16 ಎಳಿದು ಫೈಬರ್ ಸಾಕು. ಇಲಿ, ಅಳಿಲು ಬರೂ ಕಡೆ ಸ್ಟೀಲಿಂದ ಬೇಕು, ಫೈಬರ್ ಕಡೀತಾವ. ಒಂದು ಬಾಜೂಕ ನಡಕಿಂದ ಮೂಲಿ ಕಡೆ ಸ್ಟೇಪಲ್ ಹೊಡಕೋತ ಹೋಗ್ರಿ, ಆಮ್ಯಾಲೆ ಎದರ ಬಾಜೂ. ಚಾದರ ಹಾಸಿದಂಗ ಎಳದ್ರ ಸಾಕು, ತಬಲಾ ಬಿಗದಂಗ ಬ್ಯಾಡ. ಕಡೀಕ ಎರಡು ಸಣ್ಣ ಬಿಜಾಗ್ರಿ, ಒಂದು ಚಿಲಕಾ. ಬಾಗಲದಂಗ ಒಳಗ ತೆಗೀತದ, ಕೈ ಹಾಕಿ ಕಿಡಕಿ ಕದಾ ಹಾಕಬಹುದು. ಬಿಜಾಗ್ರಿ ಸ್ಕ್ರೂ ಬಿಚ್ಚಿದ್ರ ಇಡೀ ಚೌಕಟ್ಟು ಹಿತ್ತಲಕ್ಕ ಒಯ್ದು ತಿಕ್ಕಬಹುದು. ಅಡಿಗಿಮನೀದಕ್ಕ ಎಣ್ಣಿ ಜಿಡ್ಡು ಹತ್ತತದ, ಬಿಸಿನೀರಾಗ ವಾಷಿಂಗ್ ಸೋಡಾ ಕಲಿಸಿ ತೊಳೀರಿ. ಅಲ್ಯುಮಿನಿಯಂ ಜಾಳಿಗಿಗೆ ಮಾತ್ರ ಸೋಡಾ ಹಚ್ಚಬ್ಯಾಡ್ರಿ, ಕರ್ರಗಾಗತದ.

ನನಗ ಒಂದು ಕಿಡಕಿಗೆ ಹಿಡದದ್ದು ಎರಡು ಮಧ್ಯಾಹ್ನ. "ಬಡಿಗ್ಯಾನ ಕೆಲಸಾ ನಿನಗ್ಯಾಕ?" ಅಂದ ನಮ್ಮನಿಯವರು ಈಗ ಅದ ಕಿಡಕಿ ಮುಂದ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಾರ. ಓದ್ಲಿ. ಆದ್ರ ಮನಿ ಕಟ್ಟಿಸೂ ಗಂಡಸರಿಗೆ ಕೇಳತೇನಿ: ಕಳ್ಳ ಬಂದಾನು ಅಂತ ಪ್ರತಿ ಕಿಡಕಿಗೂ ಕಬ್ಬಿಣ ಹಾಕಸ್ತೀರಿ. ನಮ್ಮನಿಗೆ ಇಷ್ಟು ವರ್ಷದಾಗ ಕಳ್ಳ ಒಮ್ಮೆನೂ ಬಂದಿಲ್ಲ. ಸೊಳ್ಳಿ ಯಾವ ದಿವಸ ಬಂದಿಲ್ಲ ಹೇಳ್ರಿ? ಗ್ರಿಲ್ಲಿನ ರೊಕ್ಕ ಬರೆಯೂ ಕಾಗದದಾಗ ಅದರ ಕೆಳಗ ಜಾಳಿಗಿ ಅಂತ ಒಂದು ಸಾಲು ಬರೀಲಿಕ್ಕೆ ಎಷ್ಟೊತ್ತು ಬೇಕು?

ನಮ್ಮ ಬಚ್ಚಲದ ವೆಂಟಿಲೇಟರ್ ಒಂದು ಇನ್ನೂ ಉಳದದ. ಅದರ ಕಾಜಿನ ಪಟ್ಟಿ ಒಳಗ ಚಾಚತಾವ, ಜಾಳಿಗಿ ಹೊರಗಿಂದ ಕೂಡಿಸಬೇಕು, ನಿಚ್ಚಣಿಕಿ ಹತ್ತಬೇಕು. ಮಗಳು ರಜಾಕ್ಕ ಬಂದಾಗ ಕೆಳಗ ಹಿಡೀತೇನಿ ಅಂದಾಳ.